ನಡುಗುತ್ತಿದ್ದ ಹಿತ್ತಾಳೆ ಕುದುರೆ

ರಿಪೇರಿಗೆ ಬಂದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಕುದುರೆ ಇತ್ತು. ಅದರ ಹಿಂಗಾಲೊಂದರ ಅಂಟು ಬಿಟ್ಟಿತ್ತು. ಎಂಜಿನ್ ವೇಗ ಏರಿದಾಗ ಕುದುರೆ ಸುಮ್ಮನೆ ನಿಲ್ಲುತ್ತಿತ್ತು. ಇಳಿದಾಗ ಬಿಡಿಯಾದ ಕಾಲು ಪ್ಲಾಸ್ಟಿಕ್ಕಿಗೆ ತಾಕಿ ಟಿಕ್ ಟಿಕ್ ಎನ್ನುತ್ತಿತ್ತು. ಏರುವುದು, ಇಳಿಯುವುದು, ಮತ್ತೆ ಏರುವುದು. ಕನಸು ಕಾಣುತ್ತಿರುವವರ ಉಸಿರು ಹೀಗೇ ಇರುತ್ತದೆ. ಕಣ್ಣು ಮುಚ್ಚಿ ಕೇಳುತ್ತಾ ಕುಳಿತೆ. ಒಮ್ಮೆ ಇಳಿದದ್ದು ಮತ್ತೆ ಏರಲಿಲ್ಲ. ಎಂಜಿನ್ ನಿಂತಿತು.

ನಾನು ಕೊಟ್ಟೂರಿನ ಸೋದರಮಾವನ ಗ್ಯಾರೇಜಿಗೆ ಸೇರಿ ಆಗ ಎರಡನೆಯ ವರ್ಷ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಕೇಳಿ ಪಡೆದ ಕೆಲಸವದು. ಬಿಚ್ಚುವುದು, ಕೂಡಿಸುವುದು ಮಾವನ ಪಾಲು. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚಿ ಕಾರಣ ಹುಡುಕುವುದು ನನ್ನ ಪಾಲು. ಮಾತು ಕಡಿಮೆ ಇರುವ ಕೆಲಸವಾದ್ದರಿಂದ ನನಗೆ ಹಿಡಿಸಿತ್ತು. ಶ್ರಾವಣ ಮುಗಿಯುತ್ತ ಬಂದಿತ್ತು. ಊರ ಸುತ್ತ ಮೆಕ್ಕೆಜೋಳ ಆಳೆತ್ತರ ಬೆಳೆದು ಹೂ ಬಿಟ್ಟಿತ್ತು. ಗಾಳಿ ಬೀಸಿದರೆ ಹಳದಿ ಹುಡಿ ತೇಲಿ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಲ್ಲಿಸಿದ ಗಾಡಿಗಳ ಗಾಜಿನ ಮೇಲೆ ಕೂರುತ್ತಿತ್ತು.

ಆ ಬೆಳಿಗ್ಗೆ ನಾಲ್ಕು ಜನ ಕುದುರೆ ಇದ್ದ ಆ ಬಿಳಿ ಕಾರನ್ನು ತಳ್ಳಿಕೊಂಡು ಬಂದರು. ಸ್ಟೀರಿಂಗ್ ಹಿಡಿದಿದ್ದವನು ಬೀರಪ್ಪ, ತಂಬ್ರಹಳ್ಳಿಯವನು. ಹೊಲವೂ ಕುರಿಯೂ ಇರುವ ಮನೆತನ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಶಾಂತಾ, ಒಂಬತ್ತು ತಿಂಗಳ ಬಸುರಿ. ಪಕ್ಕದಲ್ಲಿ ಅವನ ತಾಯಿ ಗೌರವ್ವ, ಮಡಿಲಲ್ಲಿ ಒಂದು ಕೈಚೀಲ. ಶಾಂತಾಳ ತವರಿನ ಕಡೆಯ ಡಾಕ್ಟರು ಹರಪನಹಳ್ಳಿಯಲ್ಲಿದ್ದರು. ಬಿಪಿ ಇದ್ದುದರಿಂದ ವಾರಕ್ಕೊಮ್ಮೆ ಅಲ್ಲಿ ತೋರಿಸಬೇಕಾಗಿತ್ತು. ಹೋಗುವ ದಾರಿಯಲ್ಲಿ ನಮ್ಮೂರ ರೈಲ್ವೆ ಗೇಟಿನ ಹತ್ತಿರ ವೇಗ ತಗ್ಗಿಸಿದಾಗ ಕಾರು ಹಳಿಗಳ ನಡುವೆಯೇ ನಿಂತುಬಿಟ್ಟಿತ್ತು.

"ರೈಲು ಬರಾಕ ಟೈಮಿತ್ತರಿ," ಅಂದ ಬೀರಪ್ಪ. "ಆದ್ರ ಅದು ಆಗ ನಮಗೇನು ಗೊತ್ತಿತ್ತು? ನೂಕ್ರಿ ನೂಕ್ರಿ ಅಂತ ಒದರಿದೆ. ಇವಳು ಇಳಿಯಾಕ ಬರಲಾರದ ಕುಂತಾಳ."

"ನಾಕು ತಿಂಗಳಿಂದ ಹಿಂಗ ಮಾಡಾಕತ್ತೈತಿ," ಅಂದಳು ಶಾಂತಾ. "ಓಡುವಾಗ ಚಂದ ಓಡತೈತಿ. ನಿಂದ್ರೂ ಹೊತ್ತಿಗೆ ಆಫ್. ಆಫ್ ಆದಾಗೆಲ್ಲ ಒಗ್ಗರಣಿ ವಾಸನಿ ಬರತೈತ್ರಿ ಅಕ್ಕಾ."

"ಬಸುರಿ ಮೂಗು," ಬೀರಪ್ಪ ನಕ್ಕ. "ಇವಳಿಗೆ ಡೀಸೆಲ್ ಬಂಕಿನಾಗೂ ಮಂಡಕ್ಕಿ ಒಗ್ಗರಣಿ ವಾಸನಿ ಬರತೈತಿ."

ನಾನೂ ಸ್ವಲ್ಪ ನಕ್ಕೆ. ಆ ಮಾತನ್ನು ಆಗಲೇ ಹಿಡಿದುಕೊಳ್ಳಬೇಕಿತ್ತು.

ಹೆರಿಗೆಗೂ ಇದೇ ಕಾರಿನಲ್ಲಿ ಹೋಗಬೇಕು, ಯಾವ ದಿನ ಎಂದು ಹೇಳಲಾಗದು, ಅದಕ್ಕೆ ಇವತ್ತೇ ಆಗಬೇಕು ಎಂದ ಬೀರಪ್ಪ. ಮಾವ ಪರಿಚಯದ ಆಟೋದಲ್ಲಿ ಅವರನ್ನು ಹರಪನಹಳ್ಳಿ ಬಸ್ಸಿಗೆ ಕಳಿಸಿದರು. ಬೀರಪ್ಪ ಹೆಂಡತಿಯ ಜೊತೆ ಹೋದ. ಅಷ್ಟು ದೂರ ಬಸ್ಸಿನಲ್ಲಿ ಕೂರಲು ಸೊಂಟ ಕೇಳುವುದಿಲ್ಲ ಎಂದು ಗೌರವ್ವ ಗ್ಯಾರೇಜಿನಲ್ಲೇ ಉಳಿದರು. ಬೇವಿನ ನೆರಳಿಗೆ ಕುರ್ಚಿ ಹಾಕಿಕೊಟ್ಟೆ.

ಕಾರು ಹತ್ತಿರಹತ್ತಿರ ಇಪ್ಪತ್ತು ವರ್ಷ ಹಳೆಯದು, ಪೆಟ್ರೋಲಿನದು, ಫ್ಯೂಯೆಲ್ ಇಂಜೆಕ್ಷನ್ ಇದ್ದದ್ದು. ಇಂಥ ಗಾಡಿಯಲ್ಲಿ ನಾವು ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಒಳಗೆ ಹೋಗುವ ಮುಖ್ಯ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿಕೊಳ್ಳುತ್ತದೆ. ಆದರೂ ಎಂಜಿನ್ ಬದುಕಿರಲು ಸ್ವಲ್ಪ ಗಾಳಿ ಬೇಕು. ಅದಕ್ಕೆ ಪಕ್ಕದಲ್ಲೊಂದು ಸಣ್ಣ ದಾರಿ, ಆ ದಾರಿಗೊಂದು ವಾಲ್ವ್ ಇರುತ್ತದೆ. ಹೆಸರು ಐಡಲ್ ಏರ್ ಕಂಟ್ರೋಲ್ ವಾಲ್ವ್. ಎಷ್ಟು ತೆರೆಯಬೇಕೆಂದು ಇಸಿಯು, ಅಂದರೆ ಕಾರಿನ ಕಂಪ್ಯೂಟರು, ಹೇಳುತ್ತಲೇ ಇರುತ್ತದೆ. ಎಲ್ಲ ಸರಿಯಿದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು ಎಂಟುನೂರು ಸುತ್ತು ತಿರುಗುತ್ತಾ ನಿಂತಲ್ಲೇ ಗುನುಗುತ್ತದೆ. ಇದಕ್ಕೆ ಐಡಲ್ ಎನ್ನುತ್ತೇವೆ. ಈ ಕಾರಿನಲ್ಲಿ ಅದು ಐನೂರಕ್ಕೆ ಬಿದ್ದು ಸಾವಿರದ ನಾನೂರಕ್ಕೆ ಏರುತ್ತಿತ್ತು.

ಮೊದಲು ಬೇರೆ ಗ್ಯಾರೇಜಿನವರು ಮಾಡಿದ್ದನ್ನು ತೆಗೆಯಬೇಕು. ಇಂಥ ಗಾಡಿಗಳಲ್ಲಿ ನಾನು ಪಾಲಿಸುವ ಕ್ರಮ ಅದು. ಪ್ಲಗ್ ಹೊಸದಿದ್ದವು, ಪೆಟ್ರೋಲ್ ಫಿಲ್ಟರ್ ಹೊಸದಿತ್ತು, ತೊಂದರೆ ಇಲ್ಲ. ಆದರೆ ಯಾರೋ ಥ್ರಾಟಲ್ಲಿನ ಸ್ಟಾಪ್ ಸ್ಕ್ರೂ ತಿರುಗಿಸಿ ಬಾಗಿಲು ಪೂರ್ತಿ ಮುಚ್ಚದ ಹಾಗೆ ಮಾಡಿದ್ದರು. ಕಂಪ್ಯೂಟರಿಲ್ಲದ ಹಳೆಯ ಕಾರ್ಬೊರೇಟರ್ ಗಾಡಿಗೆ ಅದು ಮದ್ದು. ಇಂಜೆಕ್ಷನ್ ಗಾಡಿಯಲ್ಲಿ ಹಾಗೆ ಮಾಡಿದರೆ ಕಂಪ್ಯೂಟರಿಗೆ ಕಾಲು ಇನ್ನೂ ಪೆಡಲಿನ ಮೇಲಿದೆ ಅನ್ನಿಸುತ್ತದೆ. ಸ್ಕ್ರೂವನ್ನು ಅದರ ಜಾಗಕ್ಕೆ ತಂದೆ. ಈಗ ಎಂಜಿನ್ ಕೂಡಲೇ ನಿಲ್ಲತೊಡಗಿತು. ನನಗೆ ಸಮಾಧಾನವಾಯಿತು. ರೋಗ ತನ್ನ ನಿಜವಾದ ಮುಖ ತೋರಿಸಿತ್ತು.

ಆಮೇಲೆ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಹಿಡಿಯಲು ಮಾವನಿಗೆ ಹೇಳಿ, ಊದಿನಕಡ್ಡಿ ಹಚ್ಚಿದೆ. ಎಲ್ಲಾದರೂ ಪೈಪು ಸೀಳಿ ಗಾಳಿ ಎಳೆಯುತ್ತಿದ್ದರೆ ಹೊಗೆ ಅತ್ತ ಬಾಗುತ್ತದೆ. ಹೊಗೆ ಪೈಪುಗಳ ಮೇಲೆ ನೆಟ್ಟಗೆ ಏರಿ ತೇಲಿಹೋಯಿತು. ಎಲ್ಲೂ ಬಾಗಲಿಲ್ಲ. ದೂರದಿಂದ ನೋಡುತ್ತಿದ್ದ ಗೌರವ್ವ ಕೈಮುಗಿದರು.

"ಅಜ್ಜಿ ನಿನ್ನ ಪೂಜಾರಿ ಅಂತ ತಿಳಕೊಂಡ್ರು ನೋಡು," ಅಂದರು ಮಾವ. "ಇನ್ನ ಮಂಗಳಾರತಿ ಮಾಡಿಬಿಡು."

ಏರ್ ಫಿಲ್ಟರಿನ ಡಬ್ಬಿ ತೆಗೆದೆ. ಒಳಗೆಲ್ಲಾ ಹಳದಿ. ಮೆಕ್ಕೆಜೋಳದ ಹೂವಿನ ಹುಡಿ ಅಂದುಕೊಂಡೆ. ಆ ತಿಂಗಳು ಎಲ್ಲ ಗಾಡಿಗಳಲ್ಲೂ ಅದು ಇರುತ್ತದೆ. ಆದರೆ ಫಿಲ್ಟರಿನ ಆಚೆ, ಹುಡಿ ದಾಟಬಾರದ ಎಂಜಿನ್ ಬದಿಯೂ ಹಳದಿಯಾಗಿತ್ತು. ಫಿಲ್ಟರು ಈ ಕಾರಿನ ಅಳತೆಯದಲ್ಲ. ಒಂದು ಅಂಚಿನಲ್ಲಿ ಕಿರುಬೆರಳು ತೂರುವಷ್ಟು ಸಂದು. ಥ್ರಾಟಲ್ ಕೂರುವ ಕೊಳವೆ, ಅಂದರೆ ಥ್ರಾಟಲ್ ಬಾಡಿ, ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೋಡೆ ಬಂಗಾರ ಸವರಿದಂತಿತ್ತು. ಎಂಜಿನ್ನಿನಿಂದ ಬರುವ ಎಣ್ಣೆಯ ಆವಿಗೆ ಹುಡಿ ಕಲಸಿ, ಕಾದು, ಅಂಟಾಗಿತ್ತು. ವಾಲ್ವಿನ ಮೊನೆಯ ಸುತ್ತ ಅದೇ ಅಂಟು. ಕಂಪ್ಯೂಟರ್ ತೆರೆ ಎಂದಾಗ ವಾಲ್ವ್ ಅಲುಗುತ್ತಿರಲಿಲ್ಲ. ಇನ್ನಷ್ಟು, ಇನ್ನಷ್ಟು ಎಂದಾಗ ಒಮ್ಮೆಲೇ ಜಾರಿ ಪೂರ್ತಿ ತೆರೆಯುತ್ತಿತ್ತು. ಮುಚ್ಚು ಎಂದಾಗಲೂ ಹಾಗೆಯೇ. ಎಂಜಿನ್ ಏರಿ ಇಳಿಯುತ್ತಿದ್ದುದು ಅದರಿಂದ.

ಬೆರಳಿಗೆ ಹತ್ತಿದ್ದನ್ನು ಮೂಸಿದೆ. ಅರಿಶಿನ. ಒಗ್ಗರಣೆಯ ವಾಸನೆ. ಶಾಂತಾ ಹೇಳಿದ್ದು ನಿಜವಾಗಿತ್ತು.

"ಅದು ಭಂಡಾರ ಐತವ್ವಾ," ಗೌರವ್ವ ಯಾವಾಗಲೋ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದರು. ಮುಖದಲ್ಲಿ ಹಿಗ್ಗಿತ್ತು. "ಮೈಲಾರಪ್ಪಂದು. ಅಷ್ಟು ಒಳಗ ಮುಟ್ಟೈತೇನು?"

ಕುರಿ ಸಾಕುವ ಮನೆಗಳಲ್ಲಿ ಭಂಡಾರವೆಂದರೆ ಮನೆದೇವರು ಮೈಲಾರಪ್ಪನ ಅರಿಶಿನ ಪುಡಿ. ಹೊಸದೇನೇ ಬರಲಿ, ಹುಟ್ಟಲಿ, ಅದನ್ನು ಹಚ್ಚದೆ ಮನೆಯದಾಗುವುದಿಲ್ಲ. ಕಾರು ಕೊಂಡ ಹೊಸತರಲ್ಲಿ ಗೌರವ್ವ ಮಗನನ್ನು ಕೇಳಿದ್ದರಂತೆ, ಈ ಗಾಡಿ ಉಸಿರಾಡೋದು ಎಲ್ಲಿಂದ ಎಂದು. ಬೀರಪ್ಪ ಬಾನೆಟ್ ಎತ್ತಿ, ಫಿಲ್ಟರಿಗೆ ಗಾಳಿ ಹೋಗುವ ಬಾಯಿ ತೋರಿಸಿದ್ದ. ಅಂದಿನಿಂದ ಪ್ರತಿ ಅಮಾವಾಸ್ಯೆ ಎಂಜಿನ್ ಚಾಲೂ ಮಾಡಿಸಿ ಆ ಬಾಯಿಗೆ ಒಂದು ಚಿಟಿಕೆ.

"ಹಿಂಗ ಹಿಡಿದ್ರ ಸಾಕವ್ವಾ, ಕೈಯಾಗಿಂದು ಮೈಲಾರಪ್ಪ ತಾನಾ ಎಳಕೊಳ್ತಾನ," ಅಂದರು, ಬೆರಳು ಕೂಡಿಸಿ ತೋರಿಸುತ್ತಾ. "ಬ್ಯಾಡಂದ್ರ ಎಳಕೊಳ್ತಿದ್ನೇನು? ಗಾಡಿ ನಿಂದ್ರಾಕ ಹತ್ತಿದ ಮ್ಯಾಲೆ ಚಿಟಿಕಿ ಸಾಲವಲ್ದು ಅಂತ ಮುಟಿಗಿ ಹಾಕಾಕತ್ತೀನಿ. ಸೊಸಿಗೆ ಮೊದಲಿನ ಕೂಸು ಉಳಿಲಿಲ್ಲ. ಗಾಡಿ ಸಿಗಲಿಲ್ಲ, ದಾರ್ಯಾಗ ಹೋತು. ಅದಕ್ಕ ಈ ಗಾಡಿ ತಗೊಂಡಿದ್ದು."

ನನ್ನ ಕೈಯಲ್ಲಿ ಥ್ರಾಟಲ್ ಬಾಡಿ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿದೆ. ಹೇಳಬೇಕೆಂದು ಬಾಯಿ ತೆರೆದೆ. ಯಾವ ಪದದಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಬೇವಿನೆಲೆಗಳ ನೆರಳು ಅವರ ಮುಖದ ಮೇಲೆ ಅಲ್ಲಾಡುತ್ತಿತ್ತು. "ಕೂಡ್ರಿ ಅಜ್ಜಿ, ಚಾ ತರಿಸ್ತೀನಿ," ಅಂದೆ.

ಕ್ಲೀನರ್ ಸಿಂಪಡಿಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಾಗ ಬಂಗಾರದ ನೀರು ತಟ್ಟೆಗೆ ಇಳಿಯಿತು. ವಾಲ್ವಿನ ಮೊನೆ ನುಣುಪಾಗಿ ಆಡತೊಡಗಿತು. ಹರಪನಹಳ್ಳಿಗೆ ಹೋಗಿದ್ದವರು ಬರುವಷ್ಟರಲ್ಲಿ ಸರಿಯಾದ ಅಳತೆಯ ಫಿಲ್ಟರ್ ಹಾಕಿ ಎಲ್ಲಾ ಕೂಡಿಸಿದ್ದೆವು.

"ಯಾರ ಕೈಲಿ ಕೆಟ್ಟೈತ್ರಿ ಇದು?" ಬೀರಪ್ಪ ಬಂದವನೇ ಕೇಳಿದ. "ಹೆಸರು ಹೇಳ್ರಿ ಸಾಕು. ಹಳಿ ಮ್ಯಾಲೆ ನನ್ನ ಹೆಂಡತಿ ಕುಂತಿದ್ಲು. ಅವನ್ನ ನಾನು ಬಿಡಂಗಿಲ್ಲ."

ಗೌರವ್ವ ಸೊಸೆಯ ಕೈಚೀಲ ಇಸಿದುಕೊಳ್ಳುತ್ತಿದ್ದರು.

"ಫಿಲ್ಟರ್ ಅಳತೆದಲ್ಲ," ಅಂದೆ. "ಸಂದಿಯಾಗ ಹುಡಿ ಹೋಗೇತಿ." ಅದು ಸುಳ್ಳಾಗಿರಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ವಾಲ್ವ್ ತೊಳೆದ ಮೇಲೆ ಕಂಪ್ಯೂಟರಿನ ಹಳೆಯ ನೆನಪು ಅಳಿಸಿ, ಎಂಜಿನ್ನನ್ನು ಮುಟ್ಟದೆ ಓಡಲು ಬಿಡಬೇಕು. ಎಷ್ಟು ಗಾಳಿ ಸಾಕೆಂಬುದನ್ನು ಅದು ಹೊಸದಾಗಿ ಕಲಿಯುತ್ತದೆ. ಶಾಂತಾ ಬಸ್ಸಿನಲ್ಲಿ ಬಂದು ದಣಿದಿದ್ದಳು. ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಹೋದಳು. ಎಂಜಿನ್ ಮೊದಲು ತೊದಲಿತು, ಏರಿತು, ತಡವರಿಸಿತು. ಮೆಲ್ಲಗೆ ಒಂದು ಕಡೆ ನೆಲೆ ನಿಂತಿತು. ಶಾಂತಾಳ ಹೊಟ್ಟೆಯ ಮೇಲಿನ ಸೆರಗು ಏರಿ ಇಳಿಯುತ್ತಿತ್ತು. ಹಿತ್ತಾಳೆ ಕುದುರೆ ಅಲುಗದೆ ನಿಂತಿತ್ತು. ಸ್ಕ್ಯಾನರಿನಲ್ಲಿ ಎಂಟುನೂರ ಇಪ್ಪತ್ತು, ಎಂಟುನೂರ ಹತ್ತು. ಹೊರಗೆ ಹಳದಿ ಹುಡಿ ಬಿಸಿಲಲ್ಲಿ ತೇಲುತ್ತಿತ್ತು.

ಅವರು ಹೊರಟು ಹೋದ ಮೇಲೆ ಮಾವ ಕೈ ತೊಳೆಯುತ್ತಾ ಕೇಳಿದರು. "ಅಜ್ಜಿಗೆ ಹೇಳಿದ್ಯೇನು?"

"ಇಲ್ಲ ಮಾವ. ಫಿಲ್ಟರ್ ಸರಿ ಕುಂತೈತಲ್ಲ."

"ಮುಟಿಗಿ ಮುಟಿಗಿ ಹಾಕಿದ್ರ ಹೊಸಾದೂ ಎಷ್ಟು ದಿನ ಉಸಿರಾಡತೈತಿ?" ಅಂದರು. "ನಾಳಿ ಅಮಾಸಿ ಐತಿ."

ಕಾರಣವನ್ನು ಅಲ್ಲೇ ಬಿಟ್ಟು ಕಳಿಸಿದ ಗಾಡಿ ರಿಪೇರಿಯಾದ ಗಾಡಿಯಲ್ಲ ಎಂಬುದು ನನಗೆ ಓದಿನಲ್ಲೇ ಗೊತ್ತಿತ್ತು. ಕಾರಣವನ್ನು ಹುಡುಕುವಷ್ಟೇ ನಾಜೂಕಾಗಿ ಅದನ್ನು ಹೇಳಲೂ ಬೇಕು, ಅದೂ ನನ್ನ ಕೆಲಸದ ಭಾಗ ಎಂದು ಅವತ್ತು ಕಲಿತೆ. ಶಾಂತಾಳನ್ನು ಮುಂದೆ ಹೆರಿಗೆಗೆ ಅದೇ ಕಾರಿನಲ್ಲಿ ಕರೆದೊಯ್ದರು. ನಮ್ಮೂರ ಗೇಟು ಹಾಕಿತ್ತಂತೆ. ರೈಲು ದಾಟುವ ತನಕ ಕಾರು ಚಾಲೂ ಇದ್ದೇ ಕಾದಿತ್ತಂತೆ. ಹೆಣ್ಣು ಕೂಸು. ಇದೆಲ್ಲ ನಂತರ ತಿಳಿದದ್ದು.

ರಿಪೇರಿಯ ಮರುದಿನ, ಅಮಾವಾಸ್ಯೆಯ ಬೆಳಿಗ್ಗೆ, ಸ್ಕೂಟಿ ತೆಗೆದುಕೊಂಡು ತಂಬ್ರಹಳ್ಳಿಗೆ ಹೋದೆ. ದಾರಿಯುದ್ದ ಮಂಜು ಹೊಲಗಳ ಮೇಲೆ ಮಲಗಿತ್ತು. ಅಂಗಳದಲ್ಲಿ ಕಾರನ್ನು ತೊಳೆದು ನಿಲ್ಲಿಸಿದ್ದರು. ಬಾನೆಟ್ ತೆರೆದಿತ್ತು, ಎಂಜಿನ್ ಮೆಲ್ಲಗೆ ಗುನುಗುತ್ತಿತ್ತು. ಬೀರಪ್ಪ ತೆಂಗಿನಕಾಯಿ ತರಲು ಒಳಗೆ ಹೋಗಿದ್ದ. ಗೌರವ್ವ ಮುಷ್ಟಿ ತುಂಬ ಭಂಡಾರ ಹಿಡಿದು ನಿಂತಿದ್ದರು.

"ಅಜ್ಜಿ, ಕುರಿಮರಿ ಹುಟ್ಟಿದಾಗ ಭಂಡಾರ ಎಲ್ಲಿ ಹಚ್ತೀರಿ?" ಕೇಳಿದೆ.

"ಹಣಿಗವ್ವಾ. ಮತ್ತೆಲ್ಲಿ?"

"ಮೂಗಿನಾಗ ಹಾಕಂಗಿಲ್ಲ?"

"ಅಯ್ಯ ಹುಚ್ಚಿ, ಮೂಗಿನಾಗ ಹಾಕಿದ್ರ ಉಸಿರು ಕಟ್ಟಿ..."

ಅವರು ತಮ್ಮ ಮುಷ್ಟಿ ನೋಡಿದರು. ಗಾಳಿ ಎಳೆಯುತ್ತಿದ್ದ ಆ ಕಪ್ಪು ಬಾಯಿ ನೋಡಿದರು. ಆಮೇಲೆ ನನ್ನನ್ನು. ನಾನು ಕಣ್ಣು ತಪ್ಪಿಸಲಿಲ್ಲ.

"ನಿನ್ನಿ ನೀ ಬಟ್ಟ್ಯಾಗ ಸುತ್ತಿಟ್ಟಿದ್ದು ಇದನ್ನ?"

"ಹೂಂ ಅಜ್ಜಿ. ಫಿಲ್ಟರೂ ಸಣ್ಣದಿತ್ತು. ಅದಕ್ಕ ಒಳಗ ಹೋತು."

ಅವರು ಮುಷ್ಟಿಯ ಭಂಡಾರವನ್ನು ಪೂಜೆಯ ತಟ್ಟೆಗೆ ವಾಪಸು ಸುರಿದರು. ಬೀರಪ್ಪ ಕಾಯಿ ಹಿಡಿದು ಬಂದ.

"ಬೀರಾ, ಇದನ್ನ ಮುಚ್ಚು," ಅಂದರು. "ಇನ್ನ ಮ್ಯಾಲೆ ಗಾಡಿಗೂ ಹಣಿಗೆ ಅಷ್ಟ."

"ಯಾಕ ಬೇ, ಉಸಿರಿಗೆ ಬ್ಯಾಡೇನು?"

"ನಾನಾ ಅದರ ಉಸಿರು ಕಟ್ಟಿಸಿದ್ದೆ ನೋಡು," ಅಂದರು. ಮಗನ ಮುಖ ನೋಡುತ್ತಾ ನಿಂತರು.

ಬೀರಪ್ಪ ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಕಾಯಿ ಕೆಳಗಿಟ್ಟು ಬಾನೆಟ್ ಇಳಿಸಿದ. "ಹಚ್ಚು ಬೇ," ಅಂದ ಮೆಲ್ಲಗೆ. "ಅವತ್ತು ಆ ಬಾಯಿ ತೋರಿಸಿದಾಂವ ನಾನಾ, ನನಗೂ ತಿಳಿಲಿಲ್ಲ."

ಗೌರವ್ವ ಬಾನೆಟ್ಟಿನ ನಡುವೆ ಒಂದು ಚಿಟಿಕೆ ಒತ್ತಿದರು. ಬಾಗಿಲಲ್ಲಿ ನಿಂತಿದ್ದ ಶಾಂತಾಳ ಹಣೆಗೆ ಹಚ್ಚಿದರು. ಆಮೇಲೆ ನನ್ನ ಹಣೆಗೆ. ಅವರ ಬೆರಳು ಬೆಚ್ಚಗಿತ್ತು.

ಕಿಟಕಿಯಿಂದ ಬಗ್ಗಿ ಹಿತ್ತಾಳೆ ಕುದುರೆಯನ್ನು ಮುಟ್ಟಿ ನೋಡಿದೆ. ಕಾಲು ಇನ್ನೂ ಬಿಡಿಯಾಗಿತ್ತು, ಆದರೆ ಸದ್ದಿರಲಿಲ್ಲ.

"ಇವತ್ತ ಅಂಟು ಹಚ್ತೀನ್ರಿ ಅದಕ್ಕ," ಅಂದ ಬೀರಪ್ಪ.

"ಬ್ಯಾಡ," ಅಂದೆ. "ಅದು ಟಿಕ್ ಅಂದ ದಿನ ಗಾಡಿ ತಗೊಂಡು ಬರ್ರಿ."