ಅಗಿದ ಕಬ್ಬು, ಆರಿದ ಒಲೆ

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯ ಜಿಲ್ಲೆಯದೇ ಆದ ಕೊಪ್ಪದ ಕಡೆಯ ಒಂದು ಸರ್ಕಾರಿ ಮಾಧ್ಯಮಿಕ ಶಾಲೆಗೆ ಟೀಚರಾಗಿ ಹೋದೆ. ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಪ್ರತಿ ವಸ್ತುವಿಗೂ ಅದರದೇ ಜಾಗ, ಪ್ರತಿ ಕೆಲಸಕ್ಕೂ ಅದರದೇ ಹೊತ್ತು. ಹಾಗೆ ಬೆಳೆದವಳಿಗೆ ಶಾಲೆಯಲ್ಲಿ ಮೊದಲು ಕಂಡದ್ದು ಮಕ್ಕಳಲ್ಲ, ಅಂಗಳ.

ಕಬ್ಬು ಕಡಿಯುವ ಕಾಲ. ಮಕ್ಕಳು ಎತ್ತಿನಗಾಡಿಯ ಹಿಂದೆ ಓಡಿ ಜಲ್ಲೆ ಎಳೆದುಕೊಂಡು, ಅಗಿಯುತ್ತಲೇ ಶಾಲೆಗೆ ಬಂದು, ಅಂಗಳದ ತುಂಬ ಸಿಪ್ಪೆ ಉಗಿಯುತ್ತಿದ್ದರು. ಇರುವೆ, ನೊಣ. ಪ್ರಾರ್ಥನೆಗೆ ನಿಂತರೆ ಪಾದಕ್ಕೆ ಅಂಟು. ಶನಿವಾರ ಎಲ್ಲ ಗುಡಿಸಿ ಬೆಂಕಿ ಹಚ್ಚಿದರೆ ತರಗತಿಗಳೆಲ್ಲ ಹೊಗೆ.

ಅದೇ ಹೊತ್ತಿಗೆ ಇನ್ನೊಂದು ತಾಪತ್ರಯ. ಮಧ್ಯಾಹ್ನ ಮಕ್ಕಳಿಗೆ ಹಳದಿ ರವೆಯ ಉಪ್ಪಿಟ್ಟು ಕೊಡುತ್ತಿದ್ದೆವು. ರವೆ ಸರ್ಕಾರದ್ದು, ಸೌದೆ ಮಕ್ಕಳದ್ದು. ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಕಟ್ಟಿಗೆ ತರಬೇಕೆಂಬುದು ಅಲ್ಲಿನ ರೂಢಿ. ಮನೆಯಲ್ಲಿ ಇಲ್ಲದವರು ಕಂಡವರ ಬೇಲಿ ಕಿತ್ತು ತರುತ್ತಿದ್ದರು. ಬೇಲಿ ಕಳೆದುಕೊಂಡವರು ಒಬ್ಬೊಬ್ಬರಾಗಿ ಬಂದು ಕೂಗಾಡಿದ ಮೇಲೆ ಮಳವಳ್ಳಿ ಕಡೆಯವರಾದ ನಮ್ಮ ಮುಖ್ಯೋಪಾಧ್ಯಾಯರು ಆ ರೂಢಿಯನ್ನೇ ನಿಲ್ಲಿಸಿಬಿಟ್ಟರು.

"ಸೌದೆ ಇಲ್ಲ ಅಂದ್ರೆ ಉಪ್ಪಿಟ್ಟಿಲ್ಲ. ಉಪ್ಪಿಟ್ಟಿಲ್ಲ ಅಂದ್ರೆ ಅರ್ಧ ಸ್ಕೂಲು ಎಮ್ಮೆ ಹಿಂದೆ ಹೋಗುತ್ತೆ, ನೋಡ್ತಿರಿ" ಎಂದರು.

ಎರಡು ತೊಂದರೆಗೂ ಒಂದೇ ಮದ್ದು ನನಗೆ ಹೊಳೆಯಿತು. ಮಕ್ಕಳು ಹೊಂಗೆ ಮರದ ಕೆಳಗೆ ಸಾಲಾಗಿ ಕೂತು ಅಗಿಯಬೇಕು, ಸಿಪ್ಪೆಯನ್ನು ಮಂಕರಿಗೇ ಹಾಕಬೇಕು. ಅದನ್ನು ಬಿಸಿಲಿಗೆ ಹರವಿ, ಒಣಗಿದ್ದನ್ನು ಕಂತೆ ಕಟ್ಟಿ, ತರಗತಿಯ ಚೀಟಿ ಅಂಟಿಸಿ ಗೋಡೆಗೆ ಒರಗಿಸಬೇಕು. ಅಂಗಳ ಚೊಕ್ಕಟ, ಒಲೆಗೆ ಉರುವಲು. ಏಳನೆಯ ತರಗತಿಯವರ ಕಂತೆಗಳಂತೂ ಅಚ್ಚಿನಲ್ಲಿ ತೆಗೆದ ಹಾಗಿದ್ದವು. ಮುಖ್ಯೋಪಾಧ್ಯಾಯರೂ ತಲೆದೂಗಿದರು.

ಸೋಮವಾರ ಅಡುಗೆಯಾಕೆ ಒಂದು ಕಂತೆ ಎತ್ತಿಕೊಂಡು ಕೇಳಿದಳು: "ಯಾವ ಆಲೆಮನೇದು ಟೀಚರಮ್ಮಾ?"

"ಆಲೆಮನೆಯದಲ್ಲ. ನಮ್ಮ ಮಕ್ಕಳೇ ಅಗಿದದ್ದು."

ಕಂತೆ ನೆಲಕ್ಕೆ ಬಿತ್ತು. "ಎಂಜಲಾ! ಎಂಜಲ ಒಲೆಗೆ ಆಕಾದಾ? ದಿನಾ ಸಾರ್ಸಿ ಅರಿಸ್ನ ಕುಂಕುಮ ಇಕ್ಕಾ ಒಲೆ ಕಣವ್ವಾ ಅದು!"

ಎಂಜಲು ಮುಟ್ಟಿದರೆ ಕೈ ತೊಳೆಯದೆ ನೀರಿನ ಚೆಂಬು ಮುಟ್ಟದ ಮನೆಗಳಿಂದ ಬಂದವರೇ ನಾವು ಟೀಚರುಗಳೆಲ್ಲ. ಆದರೂ ಒಬ್ಬರಿಗೂ ಅದು ತೋಚಿರಲಿಲ್ಲ. ಒಣಗಿ, ಕಂತೆಯಾಗಿ, ಚೀಟಿ ಅಂಟಿದ ಮೇಲೆ ಅದು ನಮ್ಮ ಕಣ್ಣಿಗೆ ಸರ್ಕಾರಿ ಸಾಮಾನಾಗಿತ್ತು.

"ಬಿಸಿಲಿಗೆ ಒಣಗಿದ ಮೇಲೆ ಎಂಥ ಎಂಜಲಮ್ಮಾ?" ಎಂದರು ಮುಖ್ಯೋಪಾಧ್ಯಾಯರು.

"ಅಂಗಾರೆ ನಿಮ್ಮನೆ ಒಲೆಗೆ ಆಕ್ಸಿ ಸಾ. ನಿಮ್ಮೆಂಡ್ರು ಬುಡ್ತಾರಾ ಕೇಳ್ಕಂಡ್ ಬನ್ನಿ."

ಅವರು ಗಂಟೆ ಬಾರಿಸಲು ಹೇಳಿ ಒಳಗೆ ನಡೆದರು.

ಅಂದು ಒಲೆ ಹೊತ್ತಲಿಲ್ಲ. ಮನೆಯಿಂದ ತಂದ ಬಾಳೆಲೆ ಚೂರು ಹಿಡಿದು ಸಾಲಿನಲ್ಲಿ ನಿಂತ ಮಕ್ಕಳು ಖಾಲಿ ಎಲೆ ಬಿಸಾಡಿ ಹೋದರು. ಮಧ್ಯಾಹ್ನದ ಹಾಜರಿ ಕರೆದರೆ ಹಿಂದಿನ ಸಾಲುಗಳಿಂದ ಉತ್ತರವೇ ಇಲ್ಲ. ಮಂಗಳವಾರ ಬೆಳಗ್ಗೆಯೂ ಅವರು ಬರಲಿಲ್ಲ. ಬೆಳಗ್ಗೆ ಏನೂ ತಿನ್ನದೆ ಬರುತ್ತಿದ್ದ ಮಕ್ಕಳೇ ಅವರು. ಒಂದು ವಾರ ಹೀಗೇ ನಡೆದರೆ ಅವರು ಶಾಲೆಗೆ ತಿರುಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಂದೇ ಆಲೆಮನೆಯ ಗೌಡರು ದೂರು ಹೊತ್ತು ಬಂದರು. "ಎಲ್ಲವ್ರೆ ನಿಮ್ಮೆಡ್ಮೇಷ್ಟ್ರು? ನನ್ ಗಾಡಿ ಆಲೆಮನೆ ಸೇರಾ ಒತ್ಗೆ ಅರ್ಧ ಬರಿದು! ನಿಮ್ಮೈಕ್ಳು..." ಎನ್ನುತ್ತಿದ್ದವರು ಗೋಡೆಗೆ ಒರಗಿದ್ದ ಕಂತೆಗಳನ್ನು ನೋಡಿ ನಿಂತರು. "ಇದೇನವ್ವಾ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೌಡರು ಜಗಲಿಯ ಮೇಲೆ ಕೂತು ನಕ್ಕರು. "ಅಲಲಾ! ನನ್ ಕಬ್ಬ ಕದ್ದು, ಅಗ್ದು, ಒಣಗ್ಸಿ, ಕಂತೆ ಕಟ್ಟಿ, ಮ್ಯಾಲೆ ಚೀಟೀನೂ ಅಂಟ್ಸವ್ರೆ! ಇಂತಾ ಸಿಸ್ತಿನ್ ಕಳ್ರ ನಾ ಕಂಡಿಲ್ಲ ಕಣಮ್ಮ!"

ನಗುವವರನ್ನು ಕೇಳುವುದು ಸುಲಭ. "ನಿಮ್ಮ ಆಲೆಮನೆಯಲ್ಲಿ ಸಿಪ್ಪೆ ಮಿಗುತ್ತಾ ಗೌಡರೇ?"

"ಬೆಲ್ಲದೊಲೆಗಾಗಿ ಮಿಕ್ಕದ್ದು ಬಣವೆ ಬಿದ್ದದೆ. ಯಾಕೆ?"

"ವಾರಕ್ಕೊಂದು ಗಾಡಿ ಶಾಲೆಗೆ ಕಳಿಸಿ. ಅದರ ಮೇಲೆ ಒಂದು ಹೊರೆ ಜಲ್ಲೆಯನ್ನೂ ಹಾಕಿ. ಹಂಚೋದು ನಾನು. ಆಮೇಲೆ ಒಬ್ಬನೂ ನಿಮ್ಮ ಗಾಡಿಗೆ ಕೈ ಹಾಕಲ್ಲ."

"ಕದಿಯಾದ್ ಬುಡ್ಸಾಕೆ ನಾನೇ ಕೊಡ್ಬೇಕಾ? ಚೆನ್ನಾಗದೆ ನ್ಯಾಯ!"

"ಅಗಿದದ್ದೆಲ್ಲ ನಮ್ಮ ಶಾಲೆ ಹಿಂದಿನ ಗುಂಡಿಯಲ್ಲಿ ಗೊಬ್ಬರ ಆಗುತ್ತೆ. ಆ ಗೊಬ್ಬರ ನಿಮ್ಮ ಗದ್ದೆಗೆ."

ಗೌಡರು ಗಡ್ಡ ಕೆರೆದುಕೊಂಡರು. ಅಡುಗೆಮನೆಯ ಬಾಗಿಲಿಂದ ಕೂಗು ಬಂತು: "ಒಪ್ಕಳಿ ಗೌಡ್ರೇ! ನಿಮ್ಮೊಮ್ಮಗ್ಳೂ ಎರಡ್ಸತಿ ಇಕ್ಕುಸ್ಕಂಡು ಉಣ್ಣಾದು!"

"ಅವ್ಳೂವಾ? ಮನೇಲಿ ಮುದ್ದೆ ಬ್ಯಾಡ ಅಂತಳೆ, ಇಲ್ಲಿ ಎರಡ್ಸತಿಯಾ!" ಗೌಡರು ಎದ್ದರು. "ಆಗ್ಲಿ. ಗಾಣ ಅಗ್ದದ್ದು ಆದದಾ ನಿನ್ನೊಲೆಗೆ?"

"ಗಾಣಕ್ಕೆ ನಾಲ್ಗೆ ಇಲ್ಲ ಗೌಡ್ರೇ, ಎಂಜಲಿಲ್ಲ. ತಕಂಬನ್ನಿ!"

ಮಾರನೆಯ ದಿನ ಪ್ರಾರ್ಥನೆಗೆ ಮೊದಲೇ ಗಾಡಿ ಬಂತು. ಅಡುಗೆಯಾಕೆ ಒಲೆ ಸಾರಿಸಿ ಬೆಂಕಿ ಹಾಕಿದಳು. ಒಗ್ಗರಣೆಯ ವಾಸನೆ ಕೆರೆ ಏರಿಯವರೆಗೂ ಹೋಗಿರಬೇಕು. ಮಧ್ಯಾಹ್ನದ ಗಂಟೆಯ ಹೊತ್ತಿಗೆ ಹಿಂದಿನ ಸಾಲಿನವರೆಲ್ಲ ಹಾಜರು. ಎಮ್ಮೆಗಳನ್ನು ಬಿಟ್ಟು ಬರುವಂತಿಲ್ಲವಲ್ಲ, ಹೊಡೆದುಕೊಂಡೇ ಬಂದು ಶಾಲೆಯ ಗೋಡೆಯ ಪಕ್ಕ ಕಟ್ಟಿದ್ದರು. ನಾನು ನಿಯಮ ಗಿಯಮ ಎನ್ನದೆ ಎಲ್ಲರನ್ನೂ ಸಾಲಿಗೆ ಸೇರಿಸಿದೆ.

ಬಡಿಸಿ ಮುಗಿಸಿ ತಿರುಗಿ ನೋಡಿದರೆ, ಎಮ್ಮೆಗಳು ಕಂತೆಗಳನ್ನು ಒಂದೂ ಬಿಡದೆ, ಚೀಟಿಯ ಸಮೇತ ಮೇಯುತ್ತಿದ್ದವು. ಏಳನೆಯ ತರಗತಿಯವರು ಮಾತ್ರ ಅಳು ಮುಖ ಮಾಡಿದರು. ಸಂಜೆ ಎಮ್ಮೆಗಳು ಬಿಟ್ಟುಹೋದ ಸಗಣಿಯನ್ನು ಅವರ ಕೈಯಲ್ಲೇ ಬಾಚಿಸಿ ಗುಂಡಿಗೆ ಹಾಕಿಸಿದೆ. ಗೌಡರಿಗೆ ಗೊಬ್ಬರ ಎಂದು ಮಾತು ಕೊಟ್ಟಿದ್ದೆನಲ್ಲ.