ಬಾಗಿಲಿಗೆ ಬೆನ್ನು

ಇಪ್ಪತ್ತೊಂದು ವರ್ಷ ಬಂದೂಕು ಹೊತ್ತ ಸಾರ್ಜೆಂಟ್ ಇಲೈತಿಯಾನನ್ನು ಸರ್ಕಾರ ರಾಜಧಾನಿ ಸುವಾದಲ್ಲಿ ಮೂರೇ ದಿನ ತರಬೇತಿ ಕೊಟ್ಟು ಮತ್ತೆ ಸಾಮಾನ್ಯ ಮನುಷ್ಯನನ್ನಾಗಿ ಮಾಡಿತು. ಬರೀ ಬಾಯಿಮಾತಲ್ಲ, ಪ್ರಮಾಣಪತ್ರವನ್ನೇ ಕೊಟ್ಟಿತು. ಹೆಂಡತಿ ಮಕೆರೇತಾ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದಳು. ಪತ್ರವೇನೋ ಗೋಡೆಗೆ ಚೆನ್ನಾಗಿ ಹೊಂದಿಕೊಂಡಿತು. ಗಂಡ ಊರಿಗೆ ಹೊಂದಿಕೊಳ್ಳಲಿಲ್ಲ.

ಕಡಾವು ದ್ವೀಪದ ನಮ್ಮ ಹಳ್ಳಿಗೆ ಬಂದ ಮೊದಲ ಭಾನುವಾರವೇ ಎಡವಟ್ಟಾಯಿತು. ಚರ್ಚು ಮುಗಿಸಿದ ಗಂಡಸರೆಲ್ಲ ಊರ ಹಿರಿಯ ದೊಡ್ಡಪ್ಪ ರುಸಿಯಾತೆಯವರ ಮನೆಯಲ್ಲಿ, ಬೇರು ಕುಟ್ಟಿ ನೀರಲ್ಲಿ ಕಲಸಿದ ಯಂಗೋನಾ ಕುಡಿಯಲು ಕೂತಿದ್ದರು. ಚಾಪೆ ಒಂದೇ ಆದರೂ ಒಳಗೋಡೆಯ ಕಡೆಯ ಮೇಲಿನ ಜಾಗ ಹಿರಿಯರಿಗೆ, ಅವರಿಗೆ ಎದುರಾಗಿ ಬಾಗಿಲ ಕಡೆಯ ಕೆಳಗಿನ ಜಾಗ ಕಿರಿಯರಿಗೆ. ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ನಮ್ಮ ಸಾರ್ಜೆಂಟ್ ಸಾಹೇಬರು ಮಾತ್ರ ನೆಟ್ಟಗೆ ನಡೆದುಹೋಗಿ, ಒಳಗೋಡೆಗೆ ಬೆನ್ನು ಕೊಟ್ಟು, ದೊಡ್ಡಪ್ಪನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿದರು.

"ಬನ್ನಿ ಜನರಲ್ ಸಾಹೇಬ್ರೇ," ಅಂದರು ದೊಡ್ಡಪ್ಪ. "ಜಾಗ ಸಾಲ್ದಿದ್ರೆ ಹೇಳ್ಬಿಡಿ, ನಾನು ಹೊರಗೆ ಹಂದಿಗಳ ಜೊತೆ ಕೂತ್ಕೋತೀನಿ."

ಎಲ್ಲರೂ ನಕ್ಕರು. ಅವನು ಅಲುಗಾಡಲಿಲ್ಲ. ಎರಡನೇ ವಾರವೂ ಅದೇ ಜಾಗ. ಮೂರನೇ ವಾರ ಯಾರೂ ಅವನ ಕೈಗೆ ಯಂಗೋನಾ ತುಂಬಿದ ತೆಂಗಿನ ಚಿಪ್ಪು ಕೊಡಲಿಲ್ಲ. ಆಮೇಲೆ ಅವನು ಹೋಗುವುದನ್ನೇ ಬಿಟ್ಟ. ಆ ಚಾಪೆಯಲ್ಲಿ ಜಾಗವಿಲ್ಲದವನನ್ನು ನಮ್ಮೂರಲ್ಲಿ ಮೀನಿನ ದೋಣಿಗೂ ಯಾರೂ ಕರೆಯುವುದಿಲ್ಲ.

"ಸುವಾಗೆ ಹೋಗಿ ವಾಚ್‌ಮನ್ ಆಗ್ತೀನಿ," ಅಂದ ಒಂದು ದಿನ.

"ಅಯ್ಯೋ, ಇಪ್ಪತ್ತೊಂದು ವರ್ಷ ನಾನು ಕಾದಿದ್ದು ಇದಕ್ಕಾ?" ಮಕೆರೇತಾಗೆ ಉರಿದುಹೋಯಿತು. "ಕೆಳಗೆ ಕೂರೋಕೆ ಅಷ್ಟೊಂದು ಕೊಬ್ಬೇನ್ರೀ ನಿಮ್ಗೆ?"

ಗೆಣಸು ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟ. "ಕೊಬ್ಬಲ್ಲ ಕಣೇ. ಬಾಗಿಲಿಗೆ ಬೆನ್ನು ಕೊಟ್ಟು ಕೂರಕ್ಕಾಗಲ್ಲ. ಲೆಬನಾನ್‌ನ ಸೇನಾ ಠಾಣೇಲಿ ಶತ್ರುಗಳು ಹಿಂದಿನಿಂದಾನೇ ನುಗ್ಗಿದ್ದು. ಈಗ್ಲೂ ಬೆನ್ನ ಹಿಂದೆ ಯಾರಾದ್ರೂ ಓಡಾಡಿದ್ರೆ ಕೈಲಿದ್ದದ್ದು ಬಿಟ್ಟು ತಿರುಗಿಬಿಡ್ತೀನಿ."

ಮೂರು ದಿನದ ತರಬೇತಿಯಲ್ಲಿ ಟೈ ಕಟ್ಟುವುದು, ನೌಕರಿಗೆ ಅರ್ಜಿ ಬರೆಯುವುದು ಎಲ್ಲ ಇತ್ತಂತೆ. ಚಾಪೆಯ ಮೇಲೆ ಕೂರುವುದು ತರಬೇತಿ ಕೊಟ್ಟ ಮಹಾನುಭಾವರ ತಲೆಗೆ ಹೊಳೆದಿರಲಿಲ್ಲ.

"ದೊಡ್ಡಪ್ಪಂಗೆ ಹೇಳ್ರೀ."

"ಸಾರ್ಜೆಂಟು ಬಾಗಿಲಿಗೆ ಹೆದರ್ತಾನೆ ಅಂತಾನಾ? ಬಾಯಿ ಮುಚ್ಕೊಂಡಿರು."

ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು. ದೊಡ್ಡಪ್ಪ ಒಬ್ಬರಿಗೆ ಮಾತ್ರ ಹೇಳಿದಳು.

ಮುಂದಿನ ಭಾನುವಾರ ಗಂಡನ ಕೈಗೆ ಯಂಗೋನಾ ಬೇರಿನ ಕಟ್ಟು ಕೊಟ್ಟು ತಳ್ಳಿಕೊಂಡೇ ಹೋದಳು. ಅವನು ಅದನ್ನು ದೊಡ್ಡಪ್ಪನ ಮುಂದಿಟ್ಟು ತಪ್ಪಾಯಿತು ಅಂದ. ವಾಪಸು ಬಂದು ಎಲ್ಲರಿಗಿಂತ ಕೆಳಗೆ, ಬಾಗಿಲಿಗೆ ಬೆನ್ನು ಮಾಡಿ ಕೂತ. ಕತ್ತಿನಿಂದ ಬೆವರು ಇಳಿಯುತ್ತಿತ್ತು. ಚಿಪ್ಪು ಕೈಗೆ ಬಂದಾಗ ಅರ್ಧ ಚಾಪೆಗೇ ಚೆಲ್ಲಿತು. ಯಾರೋ ಕಿಸಕ್ಕನೆ ನಕ್ಕರು. ಮೂಲೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಮಕೆರೇತಾ ತಲೆ ತಗ್ಗಿಸಿದಳು.

ದೊಡ್ಡಪ್ಪ ಮಂಡಿ ಹಿಡಿದುಕೊಂಡು ಎದ್ದರು. ಎಲ್ಲರನ್ನೂ ದಾಟಿ ಬಂದು, ಹೊಸ್ತಿಲ ಬಳಿ ಹೊರಗೆ ಮುಖಮಾಡಿ ಕೂತು, ತಮ್ಮ ಬೆನ್ನನ್ನು ಇಲೈತಿಯಾನ ಬೆನ್ನಿಗೆ ಆನಿಸಿದರು.

"ಒಳಗೆ ಏನ್ ಸೆಕೆ ಮಾರಾಯ! ಬಾಗ್ಲು ನಾನು ನೋಡ್ಕೋತೀನಿ. ನೀನು ಚಿಪ್ಪು ನೋಡ್ಕೋ."

ಆಗ ಶುರುವಾಯಿತು ಫಜೀತಿ. ಊರ ಹಿರಿಯ ಹೊಸ್ತಿಲಲ್ಲಿ ಕೂತ ಮೇಲೆ ಅವರಿಗಿಂತ ಮೇಲೆ ಕೂರುವ ಗಂಡು ಯಾರು? ಒಬ್ಬೊಬ್ಬರೇ ಕುಂಡೆ ಜರುಗಿಸುತ್ತಾ ಕೆಳಗೆ ಬಂದರು. ಒಳಗಿನ ಅರ್ಧ ಚಾಪೆ ಖಾಲಿ. ಬಾಗಿಲ ಬಳಿ ಆ ದಢೂತಿ ಮೈಗಳೆಲ್ಲ ಒಂದರ ಮೇಲೊಂದು. ಪಾದ್ರಿಗಳ ಮೊಣಕೈ ಯಾರದೋ ಪಕ್ಕೆಯಲ್ಲಿತ್ತು. ಇಲೈತಿಯಾನ ಬೆನ್ನ ಹಿಂದೆ ಒಂದು ಇಲಿ ನುಸುಳಲೂ ಜಾಗವಿರಲಿಲ್ಲ.

"ನಾಳೆ ದೋಣಿಗೆ ಬರ್ತೀಯೇನೋ?" ಅಂತ ಆ ಗುಂಪಿನೊಳಗಿಂದಲೇ ಒಬ್ಬ ಕೇಳಿದ.

ಮರುದಿನ ಮಕೆರೇತಾ ಪ್ರಮಾಣಪತ್ರ ಇಳಿಸಿ, ಅದೇ ಮೊಳೆಗೆ ಗಂಡನ ಒದ್ದೆ ಬಲೆ ನೇತುಹಾಕಿದಳು.