ಎರಡು ವಾಲ್ವಿಗೂ ಒಂದೇ ನ್ಯಾಯ

ನನ್ನ ಮೈದುನನ ಕಿವಿ ಬಲು ಸೂಕ್ಷ್ಮ. ನಲ್ಲಿ ತೊಟ್ಟಿಕ್ಕಿದರೆ ಯಾವ ಕಡೆಯ ನಲ್ಲಿ ಅಂತ ಹಾಸಿಗೆಯಿಂದಲೇ ಹೇಳುತ್ತಾನೆ. ಎದ್ದು ಹೋಗಿ ನಿಲ್ಲಿಸುವ ಕೆಲಸ ಮಾತ್ರ ಅವನ ಹೆಂಡತಿಯದು. ಬೀದಿಯವರೆಲ್ಲ ಕಿವಿಯಣ್ಣ ಅಂತ ಎದುರಿಗೇ ಕರೆಯುತ್ತಾರೆ, ಅವನಿಗೇನೂ ಬೇಜಾರಿಲ್ಲ.

ಮನೆಗಳಲ್ಲಿ ಹಾಡು ಕೇಳುವ ಆಂಪ್ಲಿಫೈಯರ್ ಕಟ್ಟುವುದು, ರಿಪೇರಿ ಮಾಡುವುದು ಅವನ ಕಸುಬು. ಅದೂ ಬಲ್ಬಿನ ಹಾಗೆ ಬೆಳಗುವ ಗಾಜಿನ ವಾಲ್ವ್ ಇರುವ ಹಳೇ ಬಗೆಯವು ಮಾತ್ರ. ನಮ್ಮ ಮನೆಯ ಮುಂದಿನ ಕೋಣೆ ಪೂರ್ತಿ ಅವನದೇ. ಬೆಸುಗೆಯ ಹೊಗೆ ಅಡುಗೆಮನೆಗೆ ಬಂದರೆ ಕೆಲಸ ನಡೀತಿದೆ ಅಂತ, ಬರದಿದ್ದರೆ ಸುಮ್ಮನೆ ಕೂತು ಕೇಳ್ತಿದಾನೆ ಅಂತ ನಮ್ಮ ಲೆಕ್ಕ.

ಆ ಪೆಟ್ಟಿಗೆಗಳಲ್ಲಿ ಸಣ್ಣ ವಾಲ್ವುಗಳು ಎಷ್ಟೇ ಇರಲಿ, ಕೊನೆಯಲ್ಲಿ ಸದ್ದನ್ನು ಸ್ಪೀಕರಿಗೆ ತಳ್ಳುವ ದೊಡ್ಡ ಜೋಡಿ ಒಂದಿರುತ್ತದೆ. ಹಾಡಿನ ಬಣ್ಣವೆಲ್ಲ ಆ ಜೋಡಿಯ ಕೈಯಲ್ಲಿ ಅಂತ ಅವನ ನಂಬಿಕೆ. ಅವನ ಹತ್ತಿರ ಬರುತ್ತಿದ್ದದ್ದು ಹೆಚ್ಚಾಗಿ ಎರಡು ಜಾತಿ. ಹೊಟ್ಟೆ ಬಂದದ್ದು ಒಂದು, ನೆಟ್ಟಗೆ ತೆಳ್ಳಗಿದ್ದದ್ದು ಇನ್ನೊಂದು. ಅವಕ್ಕೇನೋ ನಂಬರಿನ ಹೆಸರಿತ್ತು. ನಾವು ಡುಮ್ಮ, ಕಡ್ಡಿ ಅನ್ನುತ್ತಿದ್ದೆವು, ಕ್ರಮೇಣ ಅವನ ಬಾಯಲ್ಲೂ ಅದೇ ಬಂತು.

ಡುಮ್ಮನೇ ಮೇಲು ಅಂತ ಅವನ ತೀರ್ಪು. ಬಾಯಿಗೆ ಬಂದ ಹಾಗೆ ಅಂದದ್ದಲ್ಲ. ಪರೀಕ್ಷೆಗೆಂದೇ ಒಂದು ಆಂಪ್ಲಿಫೈಯರ್ ಇಟ್ಟುಕೊಂಡು ಅದಕ್ಕೆ ತಕ್ಕಡಿ ಅಂತ ಹೆಸರಿಟ್ಟಿದ್ದ. ಡುಮ್ಮ ಹಾಕಿ ಒಂದು ಹೆಣ್ಣುದನಿಯ ರೆಕಾರ್ಡ್ ಕೇಳುವುದು. ಆರಿದ ಮೇಲೆ ಕಿತ್ತು, ಕಡ್ಡಿ ಹಾಕಿ, ಮತ್ತೆ ಅದನ್ನೇ ಕೇಳುವುದು. ವಾಲ್ವಿಗೆ ಎಷ್ಟು ಕರೆಂಟು ಹರಿಯಬೇಕು ಅಂತ ತಿದ್ದುವುದಕ್ಕೆ ಒಂದು ತಿರುಪಿರುತ್ತದೆ. ಗಿರಾಕಿಗಳ ಪೆಟ್ಟಿಗೆಯಲ್ಲಿ ವಾಲ್ವ್ ಬದಲಿಸಿದಾಗೆಲ್ಲ ಮೀಟರಿಟ್ಟು ಅದನ್ನು ತಿದ್ದಿ ಕೊಡುತ್ತಿದ್ದ. ತಕ್ಕಡಿಯಲ್ಲಿ ಮಾತ್ರ, ಡುಮ್ಮ ಇದ್ದಾಗ ಒಮ್ಮೆ ತಿದ್ದಿದ್ದೇ ಸರಿ, ಆ ತಿರುಪಿನ ಮೇಲೆ ಅರಗು ಸುರಿದುಬಿಟ್ಟಿದ್ದ.

“ತೂಕದ ಕಲ್ಲು ದಿನಕ್ಕೊಂದು ಥರ ಇದ್ರೆ ಅದು ವ್ಯಾಪಾರಾನಾ ಅತ್ತಿಗೆ? ಎರಡಕ್ಕೂ ಒಂದೇ ನ್ಯಾಯ,” ಅನ್ನುತ್ತಿದ್ದ.

ಬೀದಿ ತುದಿಯ ದರ್ಜಿ ಇವನ ಜೊತೆ ಓದಿ, ಇವನ ಜೊತೆಗೇ ಫೇಲಾದವನು. ಅವನ ಅಂಗಡಿಯಲ್ಲೂ ಒಂದು ವಾಲ್ವ್ ಪೆಟ್ಟಿಗೆ, ಅದರಲ್ಲಿ ಕಡ್ಡಿ. ಬಾಗಿಲು ತೆಗೆದಾಗಿಂದ ಹಾಕುವವರೆಗೆ ಹಾಡು. ಹಾಡಿಲ್ಲದೆ ಮಿಷಿನ್ ತುಳಿಯಲು ಅವನಿಗೆ ಕಾಲೇ ಬರುತ್ತಿರಲಿಲ್ಲ.

“ನಿನ್ನ ಕಡ್ಡಿಗೆ ಗಂಟಲು ಒಣಗಿದೆ ಕಣೋ,” ಅಂದ ಇವನು.

“ಒಣಗಿರೋದು ನಿನ್ನ ತಲೆ. ನನಗೆ ಚೆನ್ನಾಗೇ ಕೇಳುತ್ತೆ.”

“ಒಳ್ಳೇದು ಕೇಳಿದ್ರೆ ತಾನೇ ಗೊತ್ತಾಗೋದು.”

ಹಟಕ್ಕೆ ಬಿದ್ದು ಇವನು ದರ್ಜಿಯನ್ನು ಮನೆಗೆ ಕರೆದುಕೊಂಡು ಬಂದು, ಅವನ ಕಡ್ಡಿಗಳನ್ನೇ ತಕ್ಕಡಿಗೆ ಹಾಕಿದ. ನಾನು ಬಾಗಿಲಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದೆ. ಡುಮ್ಮನಲ್ಲಿ ಆ ಹೆಂಗಸು ಎದೆಯಿಂದ ಹಾಡಿದ್ದಳು. ಕಡ್ಡಿಯಲ್ಲಿ ಶೀತವಾದವಳ ಹಾಗಿದ್ದಳು, ಸಾಲಿನ ಕೊನೆಯೆಲ್ಲ ಹರಕು. ದರ್ಜಿಯ ಮುಖ ಇಳಿಯಿತು. “ಹೌದಲ್ಲೋ,” ಅಂದ.

ಅವನ ಪೆಟ್ಟಿಗೆಗೂ ಡುಮ್ಮ ಬಂತು, ಕಡ್ಡಿ ನಮ್ಮ ಮನೆಯ ಮೂಲೆ ಸೇರಿತು. ಒಂದಷ್ಟು ದಿನ ಹಾಡು ಕೇಳಿಸಿತು, ಆಮೇಲಾಮೇಲೆ ಕಮ್ಮಿಯಾಯಿತು, ಕೊನೆಗೆ ಪೆಟ್ಟಿಗೆಯ ಮೇಲೆ ಕತ್ತರಿಸಿದ ಬಟ್ಟೆಯ ರಾಶಿ ಬಿತ್ತು. ದರ್ಜಿ ಸಿಡುಕನಾದ. ನನ್ನ ರವಿಕೆಯ ಎಡದೋಳು ಬಲಕ್ಕೆ ಬಂದಿತ್ತು. ಕೇಳಿದರೆ “ತಿರುಗಿಸಿ ಹಾಕ್ಕೊಳ್ಳಿ” ಅಂದ.

“ಹಳೇ ಕಡ್ಡೀನೇ ಹಾಕ್ಕೋಬಾರದೇನಪ್ಪಾ,” ಅಂದೆ.

“ಒಂದ್ಸಲ ಒಣಗಿದೆ ಅಂತ ಕೇಳಿಸಿಬಿಡ್ತಲ್ಲಕ್ಕಾ, ಇನ್ನು ಅದೇ ಕೇಳ್ಸುತ್ತೆ. ಇದೋ, ಒಳ್ಳೇದೇ. ಆದ್ರೆ ನಂದು ಅನ್ಸಲ್ಲ.”

ಮನೆಯಲ್ಲಿ ಹೇಳಿದೆ. ಕಿವಿಯಣ್ಣ “ಅಭ್ಯಾಸ ಆಗುತ್ತೆ” ಅಂದ. ವರ್ಷಗಳು ಹೋದವು, ಅಭ್ಯಾಸ ಆಗಲಿಲ್ಲ.

ಗೋಡೆಗೆ ಬಣ್ಣ ಬಳಿಸುವಾಗ ನನ್ನ ಓರಗಿತ್ತಿ ತಕ್ಕಡಿ ಎತ್ತಿಡಲು ಹೋಗಿ ಕೈಜಾರಿ ಬೀಳಿಸಿದಳು. ಅರಗು ಒಡೆದು ತಿರುಪು ತಿರುಗಿತು. ಹೊಸದಾಗಿ ತಿದ್ದಲೇಬೇಕು, ಡುಮ್ಮ ಜೋಡಿ ಗಿರಾಕಿ ಮನೆಯಲ್ಲಿ. ಕೈಗೆ ಸಿಕ್ಕಿದ್ದು ಮೂಲೆಯಲ್ಲಿದ್ದ ದರ್ಜಿಯ ಕಡ್ಡಿ. ಅದನ್ನೇ ಹಾಕಿ, ಮೀಟರ್ ನೋಡಿ ತಿದ್ದಿ, ಅದೇ ರೆಕಾರ್ಡ್ ಹಚ್ಚಿದ. ನಾನು ಒಳಗಿಂದ ಬಂದೆ. ಶೀತವೂ ಇಲ್ಲ, ಸಾಲಿನ ಕೊನೆಯ ಹರಕೂ ಇಲ್ಲ.

“ಬೇರೆ ಯಾರೋ ಹಾಡಿದ ಹಾಗಿದೆ.”

“ಅವಳೇ,” ಅಂದ. ಮತ್ತೆ ಹಾಕಿದ. ಮತ್ತೆ ಹಾಕಿದ. ಊಟಕ್ಕೆ ಏಳಲಿಲ್ಲ.

ಡುಮ್ಮ ವಾಪಸು ಬಂದ ಮೇಲೆ, ತಿರುಪು ಮುಟ್ಟದೆ, ಅದೇ ನ್ಯಾಯದಲ್ಲಿ ಅದನ್ನು ಹಾಕಿ ನೋಡಿದ. ಸ್ವಲ್ಪ ಹೊತ್ತಿಗೆ ಅದರ ಹೊಟ್ಟೆಯೊಳಗಿನ ತಗಡು ಕೆಂಪಗೆ ಕಾಯಿತು. ತಟ್ಟನೆ ಆರಿಸಿದ.

“ಡುಮ್ಮನಿಗೆ ಹಿಡಿಸೋ ಅಳತೇಲಿ ಕಡ್ಡಿಗೆ ಉಪವಾಸ, ಕಡ್ಡಿಗೆ ಹಿಡಿಸೋ ಅಳತೇಲಿ ಡುಮ್ಮನಿಗೆ ಅಜೀರ್ಣ,” ಅಂದ ತನ್ನಷ್ಟಕ್ಕೆ.

“ಕಂಡೋರ ಪೆಟ್ಟಿಗೆಗೆಲ್ಲ ತಿದ್ದಿಕೊಡ್ತೀರ, ನಮ್ಮನೇದಕ್ಕೆ ತಿದ್ದಬೇಕು ಅಂತ ಹೊಳೀಲಿಲ್ವಾ?” ಅಂದಳು ಓರಗಿತ್ತಿ.

“ಹೊಳೆದಿತ್ತು. ಮೋಸ ಆಗುತ್ತೆ ಅಂತ ಬಿಟ್ಟೆ.”

ಕಡ್ಡಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ದರ್ಜಿಯ ಅಂಗಡಿಗೆ ಹೊರಟ. ನನಗೂ ಅಲ್ಲಿ ಒಂದು ಬಟ್ಟೆ ಬಾಕಿಯಿತ್ತು, ಜೊತೆಗೆ ಹೋದೆ.

“ಅವತ್ತು ನಾನು ತೂಗಿದ್ದು ತಪ್ಪು ಕಣೋ,” ಅಂದ. ತಿರುಪಿನ ಕತೆ ಹೇಳಿದ.

ದರ್ಜಿ ಕತ್ತರಿ ಕೆಳಗಿಡಲಿಲ್ಲ. “ಒಣಗಿತ್ತಲ್ಲೋ, ನಾನೂ ಕೇಳಿದ್ನಲ್ಲ.”

“ಒಣಗಿರಲಿಲ್ಲ. ಹಸಿದಿತ್ತು.”

ಬಟ್ಟೆಯ ರಾಶಿ ಸರಿಸಿ, ಪೆಟ್ಟಿಗೆಯ ಧೂಳು ಒರೆಸಿ, ಕಡ್ಡಿ ಕೂರಿಸಿ, ಮೀಟರಿಟ್ಟು ತಿದ್ದಿದ. ಹಾಡು ಶುರುವಾಯಿತು. ದರ್ಜಿ ಮೊದಲು ಪೆಟ್ಟಿಗೆ ನೋಡಿದ, ಆಮೇಲೆ ಇವನನ್ನೇ ನೋಡಿದ.

“ಹೇಗಿದೆ?”

“ಗೊತ್ತಾಗ್ತಿಲ್ಲ.”

“ಸರಿಯಾಗಿ ಕೇಳು.”

“ನೀನು ಇಲ್ಲಿ ನಿಂತಿದ್ರೆ ನಾನು ಹಾಡೆಲ್ಲಿ ಕೇಳ್ಲಿ, ನಿನ್ನ ಹುಬ್ಬು ನೋಡ್ತೀನಿ. ನಡಿ ಆಚೆ. ನೀವೂ ಹೋಗಿ ಅಕ್ಕಾ.”

ಇಬ್ಬರೂ ರಸ್ತೆ ದಾಟಿ ಎದುರಿನ ಕಟ್ಟೆಯ ಮೇಲೆ ಕೂತೆವು. ಹಾಡು ನಿಂತಿತು. ಕಿವಿಯಣ್ಣ ಚಪ್ಪಲಿಯ ಬಾರು ನೋಡುತ್ತಿದ್ದ. ಮತ್ತೆ ಮೊದಲಿಂದ ಶುರುವಾಯಿತು. ಮುಗಿದು, ಬೇರೊಂದು ಹತ್ತಿತು. ಅದರ ನಡುವೆ ಮಿಷಿನ್ನಿನ ಸದ್ದು ಕೇಳಿತು. ಮೊದಲು ತಡೆದು ತಡೆದು, ಆಮೇಲೆ ಬಿಡದೆ.

ದರ್ಜಿ ಕಿಟಕಿಯಿಂದ ತಲೆ ಹಾಕಿದ. “ಲೋ, ಇನ್ನೂ ಇಲ್ಲೇ ಇದೀಯಾ? ಮನೆಗೆ ಹೋಗೋ.”

ಕಿವಿಯಣ್ಣ ಈಗಲೂ ಡುಮ್ಮನೇ ಮೇಲು ಅನ್ನುತ್ತಾನೆ, “ನನಗೆ” ಅಂತ ಒಂದು ಮಾತು ಸೇರಿಸಿ. ಹೋಲಿಸಿ ನೋಡಬೇಕು ಅಂತ ಯಾರಾದರೂ ಬಂದರೆ ಒಂದೊಂದಕ್ಕೂ ಅದರದರ ಅಳತೆಗೆ ತಿದ್ದಿಕೊಟ್ಟು, ರೆಕಾರ್ಡ್ ಹಚ್ಚಿ, ಹಿತ್ತಲಿಗೆ ಬಂದು ನನ್ನ ಹತ್ತಿರ ಕೂರುತ್ತಾನೆ.

“ಏನಂದ್ರಪ್ಪಾ?” ಅಂತ ಕೇಳುತ್ತೇನೆ.

“ಇನ್ನೂ ಕೇಳ್ತಿದಾರೆ ಅತ್ತಿಗೆ,” ಅನ್ನುತ್ತಾನೆ.